ಮೊದಲು ಗೋಡೆ ನೋಡಿ, ಆಮೇಲೆ ಡ್ರಿಲ್ ಕೊಳ್ಳಿ

ಪ್ರಶ್ನೆ: ಸರ್, ಮಂಡ್ಯದ ಗುತ್ತಲು ಕಡೆ ನಮ್ಮ ಮಾವನವರ ಕಾಲದ ಮನೆ ಇದೆ. ಮುಂದಿನ ಭಾಗ ಸೈಜು ಕಲ್ಲಿನದು, ಅಂದರೆ ಅಳತೆಗೆ ಒಡೆದ ಗಟ್ಟಿ ಕಲ್ಲಿನದು. ಹಿಂದೆ ಎರಡು ಕೋಣೆ ಈಚೆಗೆ ಸಿಮೆಂಟ್ ಬ್ಲಾಕಿನಲ್ಲಿ ಕಟ್ಟಿಸಿದ್ದೇವೆ. ಯಜಮಾನರು ವಾರಪೂರ್ತಿ ಬೆಂಗಳೂರಿನಲ್ಲಿ ಇರುತ್ತಾರೆ. ಕರ್ಟನ್ ರಾಡು, ದೇವರ ಫೋಟೊ, ಅಡುಗೆಮನೆ ಶೆಲ್ಫು, ಸೋರುವ ನಲ್ಲಿ, ಉಜ್ಜುವ ಬಾಗಿಲು, ಎಲ್ಲಕ್ಕೂ ಯಾರಿಗಾದರೂ ಕಾಯಬೇಕು. ಹೋದ ತಿಂಗಳು ನಾಲ್ಕು ತೂತಿಗೆ 500 ರೂಪಾಯಿ ಕೊಟ್ಟೆ. ನಾನೇ ಕಲಿಯಬೇಕು ಅಂತಿದ್ದೇನೆ. ಆನ್‌ಲೈನಿನಲ್ಲಿ ಡ್ರಿಲ್ ಸೇರಿ ನೂರು ಪೀಸಿನ ಕಿಟ್ಟು 3,000 ರೂಪಾಯಿಗೆ ಸಿಗುತ್ತಿದೆ. ತಗೊಳ್ಳಲಾ? 10,000 ರೂಪಾಯಿಯೊಳಗೆ ಯಾವುದು ನಿಜವಾಗಿ ಉಪಯೋಗಕ್ಕೆ ಬರುತ್ತದೆ? ಬ್ಯಾಟರಿ ಡ್ರಿಲ್, ಮರ ಕೊಯ್ಯುವ ಮೆಷಿನ್ ಬೇಕಾ?

ಉತ್ತರ: ನೋಡಿಮ್ಮ, ಆ ಕಿಟ್ಟು ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ನನಗೆ ಬೇಕಾದ ಮಾತು ಒಂದೇ ಒಂದು. ಮುಂದಿನ ಭಾಗ ಸೈಜು ಕಲ್ಲು ಅಂದಿರಲ್ಲ, ಅದು. ಅದನ್ನು ಹೇಳದೆ ಕೇಳಿದ್ದರೆ ನಾನು ಬೇರೆ ಉತ್ತರ ಕೊಡುತ್ತಿದ್ದೆ, ಅದು ತಪ್ಪಾಗುತ್ತಿತ್ತು.

ಮೈಸೂರಿನಲ್ಲಿ 26 ವರ್ಷದಿಂದ ಡ್ರಿಲ್, ಗ್ರೈಂಡರ್, ಸಣ್ಣ ಮೋಟಾರು ರಿಪೇರಿ ಮಾಡುತ್ತಿದ್ದೇನೆ. ಸುಟ್ಟು ಕರಕಲಾಗಿ ನನ್ನ ಮೇಜಿಗೆ ಬರುವ ಡ್ರಿಲ್‌ಗಳಲ್ಲಿ ಹೆಚ್ಚಿನವು ಒಳ್ಳೇ ಡ್ರಿಲ್‌ಗಳೇ. ತಪ್ಪು ಗೋಡೆಗೆ ಹೋದವು ಅಷ್ಟೆ. ಶ್ರೀರಂಗಪಟ್ಟಣದ ಕಡೆಯಿಂದ ಒಬ್ಬರು ಡಬ್ಬಿ ಸಮೇತ ಹೊಸ ಡ್ರಿಲ್ ತಂದಿದ್ದರು. ಕೊಂಡು ಐದೇ ದಿನ. ಕಲ್ಲಿನ ಗೋಡೆಗೆ ಮೂರನೇ ತೂತು ಕೊರೆಯುವಾಗ ಹೊಗೆ ಬಂತಂತೆ. ಬಿಚ್ಚಿ ನೋಡಿದರೆ ಆರ್ಮೇಚರ್, ಅಂದರೆ ಮೋಟಾರಿನ ತಿರುಗುವ ಸುರುಳಿ, ಸುಟ್ಟಿದೆ. ಬಿಟ್ಟಿನ (ಡ್ರಿಲ್ಲಿನ ಮುಂದೆ ಸಿಕ್ಕಿಸುವ, ತೂತು ಕೊರೆಯುವ ಕಡ್ಡಿ) ತುದಿ ನೀಲಿ ತಿರುಗಿ ಮೊಂಡಾಗಿದೆ. ಮೊಂಡು ಬಿಟ್ಟನ್ನು ಮೈಭಾರ ಹಾಕಿ ಅರ್ಧ ಗಂಟೆ ಒತ್ತಿದ್ದಾರೆ. ಅವರ ತಪ್ಪೂ ಅಲ್ಲ. ಅಂಗಡಿಯಲ್ಲಿ ಯಾರೂ ಗೋಡೆ ಯಾವುದು ಅಂತ ಕೇಳಿರಲಿಲ್ಲ.

ಹಾಗಾಗಿ ಮೊದಲು ಗೋಡೆಯ ವಿಷಯ. ನಮ್ಮ ಸೀಮೆಯಲ್ಲಿ ಒಂದೇ ಬೀದಿಯಲ್ಲಿ ಐದು ಥರದ ಗೋಡೆ ಸಿಗುತ್ತದೆ. ಮೈಸೂರಿನ ಅಗ್ರಹಾರ, ಲಷ್ಕರ್ ಮೊಹಲ್ಲಾ ಕಡೆಯ ಹಳೇ ಮನೆಗಳಲ್ಲಿ ಸುಣ್ಣದ ಗಾರೆ, ಕೆಲವು ಕಡೆ ಮಣ್ಣಿನ ಗೋಡೆ. ಕುವೆಂಪುನಗರ, ಸರಸ್ವತಿಪುರದ ಬಹಳಷ್ಟು ಮನೆ ಸುಟ್ಟ ಇಟ್ಟಿಗೆ. ಈಚಿನವು ಸಿಮೆಂಟ್ ಬ್ಲಾಕು. ಕಂಬ, ತೊಲೆ, ಕಿಟಕಿ ಮೇಲಿನ ಲಿಂಟಲ್ ಎಲ್ಲಾ ಕಾಂಕ್ರೀಟು. ಮಂಡ್ಯ, ಪಾಂಡವಪುರದ ಕಡೆ ಸೈಜು ಕಲ್ಲು. ಗುರುತು ಹಿಡಿಯುವುದು ಸುಲಭ. ಮೂಲೆಯಲ್ಲೊಂದು ಸಣ್ಣ ತೂತು ಹಾಕಿ ಪುಡಿಯ ಬಣ್ಣ ನೋಡಿ. ಕೆಂಪು ಬಂದರೆ ಇಟ್ಟಿಗೆ. ಬೂದು ಬಣ್ಣದ ಪುಡಿ ಬಂದು ಬಿಟ್ಟು ಸಲೀಸಾಗಿ ಒಳಗೆ ಹೋದರೆ ಬ್ಲಾಕು. ಬೂದು ಪುಡಿಯೇ ಬಂದು ಬಿಟ್ಟು ಒದ್ದಾಡಿದರೆ ಕಾಂಕ್ರೀಟು. ಮೊದಲು ಪ್ಲಾಸ್ಟರ್ ಬಂದು, ಆಮೇಲೆ ಬಿಟ್ಟು ನಿಂತೇಬಿಟ್ಟು ಬಿಳಿ ಪುಡಿ ಚೂರುಚೂರೇ ಬಂದರೆ ಕಲ್ಲು.

ಇಟ್ಟಿಗೆ, ಬ್ಲಾಕಿನ ಮನೆಯವರಿಗೆ ಮಾಮೂಲಿ ಹ್ಯಾಮರ್ ಡ್ರಿಲ್ ಸಾಕು. 13 ಮಿ.ಮೀ. ಚಕ್ (ಬಿಟ್ಟನ್ನು ಹಿಡಿದುಕೊಳ್ಳುವ ಮೂತಿ), 550ರಿಂದ 650 ವಾಟ್, ಉಲ್ಟಾ ತಿರುಗುವ ಸ್ವಿಚ್ಚು, ಒತ್ತಿದಷ್ಟು ವೇಗ ಕೊಡುವ ಟ್ರಿಗರ್. ಹೆಸರುವಾಸಿ ಕಂಪನಿಯದು ಸುಮಾರು 2,500ರಿಂದ 4,000 ರೂಪಾಯಿಯೊಳಗೆ ಬರುತ್ತದೆ. ಮನೆ ಬಳಕೆಗೆ ಹತ್ತು ವರ್ಷಕ್ಕೂ ಜಾಸ್ತಿ ಬಾಳುತ್ತದೆ.

ನಿಮಗೆ ಮಾತ್ರ ಅದನ್ನು ಹೇಳುವುದಿಲ್ಲ. ನೀವು ಸಣ್ಣ ರೋಟರಿ ಹ್ಯಾಮರ್ ಕೊಳ್ಳಿ.

ಎರಡೂ ನೋಡಲು ಅಣ್ಣತಮ್ಮಂದಿರ ಥರ ಇರುತ್ತವೆ, ಒಳಗಿನ ಕೆಲಸವೇ ಬೇರೆ. ಹ್ಯಾಮರ್ ಡ್ರಿಲ್ಲಿನ ಒಳಗೆ ಹಲ್ಲಿರುವ ಎರಡು ಬಿಲ್ಲೆ ಇರುತ್ತವೆ. ನೀವು ಒತ್ತಿದಾಗ ಒಂದರ ಹಲ್ಲು ಇನ್ನೊಂದರ ಮೇಲೆ ಹತ್ತಿ ಇಳಿಯುತ್ತದೆ. ಅದರಿಂದ ಬಿಟ್ಟು ಮುಂದೆ ಹಿಂದೆ ಅಲುಗುತ್ತದೆ. ನಿಮಿಷಕ್ಕೆ ಹತ್ತಾರು ಸಾವಿರ ಏಟು ಬೀಳುತ್ತದೆ, ಆದರೆ ಒಂದೊಂದೂ ಬೆರಳಲ್ಲಿ ತಟ್ಟಿದಷ್ಟು ಸಣ್ಣದು. ಏಟಿನ ಜೋರು ನಿಮ್ಮ ಕೈಯ ಒತ್ತಡದಿಂದ ಬರಬೇಕು. ರೋಟರಿ ಹ್ಯಾಮರಿನಲ್ಲಿ ಒಂದು ಕೊಳವೆ, ಅದರೊಳಗೆ ಪಿಸ್ಟನ್ನು. ಅದು ಗಾಳಿಯನ್ನು ಒತ್ತುತ್ತದೆ, ಆ ಗಾಳಿ ಒಂದು ಉಕ್ಕಿನ ತುಂಡನ್ನು ತಳ್ಳುತ್ತದೆ, ಆ ತುಂಡು ಬಿಟ್ಟಿನ ಹಿಂಭಾಗಕ್ಕೆ ನಿಜವಾದ ಸುತ್ತಿಗೆಯ ಹಾಗೆ ಬಡಿಯುತ್ತದೆ. ಏಟು ನಿಮಿಷಕ್ಕೆ ನಾಲ್ಕೈದು ಸಾವಿರ ಅಷ್ಟೇ. ಆದರೆ ಒಂದೊಂದೂ ಕಲ್ಲನ್ನು ಚೂರು ಮಾಡುವಂಥದ್ದು. ನೀವು ಒತ್ತಬೇಕಾಗಿಲ್ಲ, ನೆಟ್ಟಗೆ ಹಿಡಿದುಕೊಂಡರೆ ಸಾಕು. ಮೈಯಲ್ಲಿ ಅಷ್ಟೇನೂ ಬಲ ಇಲ್ಲ ಅನ್ನುವವರಿಗೆ ಇದೇ ಹಗುರ. ಇದು ಗಂಡಸರ ಮೆಷಿನ್ನು ಅಂತ ಅಂಗಡಿಯಲ್ಲಿ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಕೊಳ್ಳುವಾಗ ಡಬ್ಬಿಯ ಮೇಲೆ ಎಸ್‌ಡಿಎಸ್ ಪ್ಲಸ್ ಅಂತ ಇರಬೇಕು. ಬಿಟ್ಟನ್ನು ಒತ್ತಿದರೆ ಕಟಕ್ ಅಂತ ಕೂರುವ, ಚಕ್ ಕೀ ಬೇಡದ ವ್ಯವಸ್ಥೆ ಅದು. ತೂಕ 2 ಕೆ.ಜಿ. ಆಸುಪಾಸು ಇರಲಿ, 3 ಕೆ.ಜಿ. ಮೀರಿದ್ದು ಬೇಡ. ಬರೀ ತಿರುಗುವುದು, ತಿರುಗುತ್ತ ಬಡಿಯುವುದು, ಈ ಎರಡನ್ನೂ ಬದಲಿಸುವ ಗುಬ್ಬಿ, ಅಂದರೆ ನಾಬು, ಇರಬೇಕು. ಬರೀ ಬಡಿಯುವ ಮೂರನೆಯದಿದ್ದರೆ ಟೈಲ್ಸ್ ಕೀಳಲು ಆಗುತ್ತದೆ, ಇಲ್ಲದಿದ್ದರೆ ನಷ್ಟವಿಲ್ಲ. ಬೆಲೆ ಸುಮಾರು 5,000ರಿಂದ 6,500 ರೂಪಾಯಿ ಆಗಬಹುದು. ನಿಮ್ಮ ಬಜೆಟ್ಟಿನ ಅರ್ಧವೋ ಅದಕ್ಕಿಂತ ಜಾಸ್ತಿಯೋ ಇದಕ್ಕೇ ಹೋಗುತ್ತದೆ, ನನಗೂ ಗೊತ್ತು. ಆದರೆ ಕಲ್ಲು, ಬ್ಲಾಕು, ಕಾಂಕ್ರೀಟು ಮೂರಕ್ಕೂ ಇದೊಂದೇ ಆಗುತ್ತದೆ. ಮರಕ್ಕೆ, ಕಬ್ಬಿಣಕ್ಕೆ ಬೇಕಾದಾಗ ಇದಕ್ಕೇ ಸಿಕ್ಕಿಸುವ ಮಾಮೂಲಿ ಚಕ್ ಬೇರೆ ಸಿಗುತ್ತದೆ. ಅದನ್ನು ಹಾಕಿದಾಗ ಬಡಿಯುವ ಮೋಡಿಗೆ ಮಾತ್ರ ತಿರುಗಿಸಬೇಡಿ. ಚಕ್ಕಿನ ದವಡೆಗಳು ಸಡಿಲವಾಗಿ ಹಾಳಾಗುತ್ತವೆ.

ಮನೆಯ 5 ಆಂಪ್ಸ್ ಪಾಯಿಂಟಿನಲ್ಲಿ ಓಡುತ್ತದಾ ಅಂತ ಬಹಳ ಜನ ಕೇಳುತ್ತಾರೆ. 750 ವಾಟನ್ನು 230 ವೋಲ್ಟಿನಿಂದ ಭಾಗಿಸಿದರೆ ಮೂರು ಚಿಲ್ಲರೆ ಆಂಪ್ಸು. ಧಾರಾಳವಾಗಿ ಓಡುತ್ತದೆ. ಸುರುಳಿ ಸುತ್ತಿದ ಎಕ್ಸ್‌ಟೆನ್ಷನ್ ಇದ್ದರೆ ಪೂರ್ತಿ ಬಿಚ್ಚಿಕೊಳ್ಳಿ. ಸುತ್ತಿದ ವೈರು ಬಿಸಿಯಾಗುತ್ತದೆ.

ಈಗ ಆ ನೂರು ಪೀಸಿನ ಕಿಟ್ಟು. ಗೋಡೆಗೆ, ಮರಕ್ಕೆ, ಸ್ಕ್ರೂವಿಗೆ ತಾಗುವುದು ಮೆಷಿನ್ ಅಲ್ಲ, ಅದರ ತುದಿ. ಬಿಟ್ಟಿನ ಮೂತಿ, ಗರಗಸದ ಹಲ್ಲು, ಸ್ಕ್ರೂಡ್ರೈವರಿನ ಕೊನೆ, ಉಳಿಯ ಬಾಯಿ. ದುಡ್ಡು ಅಲ್ಲಿಗೆ ಹಾಕಬೇಕು. ಇಂಥ ಕಿಟ್ಟಿನಲ್ಲಿ ಉಳಿತಾಯ ಮಾಡಿರುವುದೇ ಅಲ್ಲಿ. ಬಿಟ್ಟುಗಳು ಮೆತ್ತನೆಯ ಲೋಹ. ನೂರರಲ್ಲಿ ಅರವತ್ತು ಪುಟ್ಟ ಸ್ಕ್ರೂ ಬಿಟ್ಟು, ಸಾಕೆಟ್ಟು, ಸ್ಕ್ರೂ ಹಿಡಿಯಲಿ ಅಂತ ಗೋಡೆಯ ತೂತಿಗೆ ತುರುಕುವ ಪ್ಲಾಸ್ಟಿಕ್ ಪ್ಲಗ್ಗು. ನಿಮ್ಮ ಮನೆಯಲ್ಲಿ ವರ್ಷಪೂರ್ತಿ ಬಳಸುವುದು ಆರೋ ಏಳೋ. ಆ ಆರೇಳನ್ನು ಬಿಡಿಯಾಗಿ, ಗಟ್ಟಿಯಾದದ್ದು ನೋಡಿ ಕೊಂಡರೆ ಕಿಟ್ಟಿಗಿಂತ ಅಗ್ಗ.

ನಿಮಗೆ ಬೇಕಾದ ಬಿಟ್ಟುಗಳು ಇವು. 6 ಮಿ.ಮೀ. ಎರಡು, 8 ಮಿ.ಮೀ. ಒಂದು, ಎರಡೂ ಎಸ್‌ಡಿಎಸ್ ಹಿಡಿಯವು, ತುದಿಯಲ್ಲಿ ಕಾರ್ಬೈಡ್ ಅನ್ನುವ ಬಹಳ ಗಟ್ಟಿಯಾದ ತುಂಡು ಕೂರಿಸಿದವು. 6 ಯಾಕೆ ಎರಡು ಅಂದರೆ, ಕಲ್ಲಿನಲ್ಲಿ ಒಂದು ಸವೆದೇ ಸವೆಯುತ್ತದೆ. ಕಲ್ಲಿಗೆ ಕೊರೆಯುವಾಗ ಹತ್ತು ಹದಿನೈದು ಸೆಕೆಂಡಿಗೊಮ್ಮೆ ಬಿಟ್ಟನ್ನು ಅರ್ಧ ಹೊರಗೆ ಎಳೆದು ಪುಡಿ ಉದುರಿಸಿ. ಪುಡಿ ಒಳಗೇ ಉಳಿದರೆ ಬಿಟ್ಟು ಅದನ್ನೇ ಅರೆಯುತ್ತ ಕಾಯುತ್ತದೆ. ಕಾದ ಬಿಟ್ಟನ್ನು ನೀರಿಗೆ ಅದ್ದಬೇಡಿ, ಕಾರ್ಬೈಡ್ ಸೀಳಿ ಹೋಗುತ್ತದೆ. ಸುಮ್ನೆ ಪಕ್ಕಕ್ಕಿಟ್ಟು ಇನ್ನೊಂದು ಬಿಟ್ಟಿನಲ್ಲಿ ಮುಂದುವರಿಸಿ.

ಪ್ಲಗ್ಗಿನ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ. ಶೆಲ್ಫು ಕಿತ್ತು ಬಂತು ಅಂತ ಹೇಳುವವರೆಲ್ಲ ಎಡವುವುದು ಇಲ್ಲೇ. ಗೋಡೆಯ ಮೇಲೆ ಪ್ಲಾಸ್ಟರ್ 12ರಿಂದ 15 ಮಿ.ಮೀ. ಇರುತ್ತದೆ, ಕಲ್ಲಿನ ಗೋಡೆಯ ಮೇಲೆ ಇನ್ನೂ ದಪ್ಪ. ನೀವು 35 ಮಿ.ಮೀ. ಸ್ಕ್ರೂ ಹಾಕಿದರೆ ಕ್ಲಾಂಪಿನ ದಪ್ಪ ಕಳೆದು, ಪ್ಲಾಸ್ಟರ್ ಕಳೆದು, ಗಟ್ಟಿ ಗೋಡೆಯೊಳಗೆ ಉಳಿಯುವುದು ಬೆರಳ ತುದಿಯಷ್ಟು. ಫೋಟೊಗೆ, ಗಡಿಯಾರಕ್ಕೆ ಅದು ಸರಿ. ಡಬ್ಬಿ ತುಂಬಿದ ಅಡುಗೆಮನೆ ಶೆಲ್ಫಿಗೆ 8 ಮಿ.ಮೀ. ತೂತು, ಉದ್ದನೆಯ ಪ್ಲಗ್ಗು, 10ನೇ ನಂಬರಿನ 60 ಮಿ.ಮೀ. ಸ್ಕ್ರೂ ಬೇಕು. ತೂತನ್ನು ಪ್ಲಗ್ಗಿಗಿಂತ ಅರ್ಧ ಸೆಂಟಿಮೀಟರು ಆಳ ಮಾಡಿ. ಬಿಟ್ಟಿನ ಮೇಲೆ ಬಣ್ಣದ ಟೇಪು ಸುತ್ತಿಕೊಂಡರೆ ಎಲ್ಲಿ ನಿಲ್ಲಿಸಬೇಕು ಅನ್ನುವುದು ಕಾಣುತ್ತದೆ. ಪುಡಿ ತೆಗೆದ ಮೇಲೇ ಪ್ಲಗ್ಗು ಹಾಕಿ. ಹಳೇ ಟೂತ್‌ಬ್ರಷ್ಷೋ ಸೈಕಲ್ ಪಂಪೋ ಸಾಕು, ಬಾಯಲ್ಲಿ ಊದಬೇಡಿ, ಕಣ್ಣಿಗೆ ಬೀಳುತ್ತದೆ. ಪ್ಲಗ್ಗು ಸುತ್ತಿಗೆಯ ನಾಲ್ಕು ಮೆಲ್ಲನೆಯ ಏಟಿಗೆ ಬಿಗಿಯಾಗಿ ಹೋಗಬೇಕು. ಬೆರಳಲ್ಲಿ ಒತ್ತಿದರೇ ಹೋಯಿತು ಅಂದರೆ ತೂತು ದೊಡ್ಡದಾಗಿದೆ, ಆ ಜಾಗ ಬಿಡಿ.

ಸೈಜು ಕಲ್ಲಿನಲ್ಲಿ ಇನ್ನೊಂದು ಮಾತು. ಕಲ್ಲು ಕಲ್ಲಿನ ನಡುವಿನ ಸಂದು ಮೆತ್ತಗಿರುತ್ತದೆ, ಅಲ್ಲಿ ಬಿಟ್ಟು ಸಲೀಸಾಗಿ ಹೋಗುತ್ತದೆ, ಸಂತೋಷವಾಗುತ್ತದೆ. ಹಳೇ ಮನೆಯಲ್ಲಿ ಆ ಸಂದು ಮಣ್ಣೋ ಸುಣ್ಣವೋ ಆಗಿರಬಹುದು. ಪ್ಲಗ್ಗು ಅಲ್ಲಿ ಹಿಡಿಯುವುದಿಲ್ಲ. ಕಲ್ಲಿಗೇ ಕೊರೆಯಿರಿ. ಕಷ್ಟ ಅನ್ನಿಸಿದರೆ ನಮ್ಮ ಹಿರಿಯರ ದಾರಿ ಇದೆ. ಹಳೇ ಮನೆಗಳಲ್ಲಿ ಗೋಡೆ ಕಟ್ಟುವಾಗಲೇ ಮರದ ಗೂಟ ಕೂರಿಸುತ್ತಿದ್ದರು, ಅಂಗಿ, ಚೀಲ, ಲಾಂದ್ರ ಎಲ್ಲಾ ಅದರ ಮೇಲೆ. ಅದೇ ಲೆಕ್ಕದಲ್ಲಿ ನಾಲ್ಕು ಇಂಚು ಅಗಲದ ಒಂದು ಹಲಗೆಯನ್ನು ಮೂರು ಕಡೆ ಮಾತ್ರ ಕಲ್ಲಿಗೆ ಗಟ್ಟಿಯಾಗಿ ಬಿಗಿಯಿರಿ. ಆಮೇಲೆ ಫೋಟೊ, ಹುಕ್ಕು, ಕ್ಯಾಲೆಂಡರು ಎಲ್ಲವನ್ನೂ ಹಲಗೆಗೆ ತಿರುಪಿಕೊಳ್ಳಿ. ಹತ್ತು ತೂತಿನ ಬದಲು ಮೂರು. ಮುಂದೆ ಜಾಗ ಬದಲಿಸಬೇಕಾದರೂ ಗೋಡೆ ಮುಟ್ಟಬೇಕಾಗಿಲ್ಲ.

ಎಲ್ಲಿ ಕೊರೆಯಬಾರದು ಅನ್ನುವುದು ಇನ್ನೂ ಮುಖ್ಯ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಕೊರೆಯಬೇಡಿ. ಒಳಗಿನ ಪೈಪು ಸಾಮಾನ್ಯವಾಗಿ ಅಲ್ಲೇ ಏರುತ್ತದೆ. ಬಚ್ಚಲುಮನೆಯಲ್ಲಿ ನಲ್ಲಿಯ ನೇರ ಮೇಲೂ ಕೆಳಗೂ ಹಾಗೇ, ಅಲ್ಲಿ ನೀರಿನ ಪೈಪು. ಬೋರ್ಡ್ ಬಿಚ್ಚುವ ಕೆಲಸ ಇದ್ದರೆ ಎಂಸಿಬಿ (ಕರೆಂಟ್ ಕಡಿಯುವ ಮೇನ್ ಸ್ವಿಚ್ಚು) ಇಳಿಸಿ, ಟೆಸ್ಟರಿನಲ್ಲಿ ನೋಡಿ. ಟೆಸ್ಟರನ್ನು ಮೊದಲು ಕರೆಂಟ್ ಇರುವ ಬೇರೆ ಪಾಯಿಂಟಿಗೆ ಹಾಕಿ ಉರಿಯುತ್ತಾ ನೋಡಬೇಕು. ಉರಿಯದ ಟೆಸ್ಟರನ್ನು ನಂಬಿ ಕೈ ಹಾಕಿ ಪೆಟ್ಟು ತಿಂದವರು ನನ್ನ ಪರಿಚಯದಲ್ಲೇ ಇದ್ದಾರೆ. ಸೆಸ್ಕ್ (ನಮ್ಮ ಕಡೆಯ ಕರೆಂಟ್ ಕಂಪನಿ) ಮೀಟರಿನ ಪಕ್ಕದ ಬೋರ್ಡಿನಲ್ಲಿ 30 ಮಿಲಿ ಆಂಪ್ಸಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್ಚು, ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಡ್ರಿಲ್ ಕೊಳ್ಳುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅದನ್ನು ಹಾಕಿಸಿ. ಇದು ಖರ್ಚಲ್ಲ ತಾಯಿ, ಮನೆಯವರ ಜೀವ.

ಟೈಲ್ಸಿಗೆ ಬಡಿಯುವ ಮೋಡು ಬೇಡವೇ ಬೇಡ. ಟೇಪು ಅಂಟಿಸಿ, ನಿಧಾನವಾಗಿ ಬರೀ ತಿರುಗಿಸಿ ಟೈಲ್ಸ್ ದಾಟಿ. ಗೋಡೆ ಸಿಕ್ಕ ಮೇಲೆ ಬಡಿಯಿರಿ.

ಕೊರೆಯುವಾಗ ಕಣ್ಣಿಗೆ ಕನ್ನಡಕ, ಮೂಗಿಗೆ ಎನ್95 ಮಾಸ್ಕ್. ನಮ್ಮ ಕಲ್ಲಿನಲ್ಲಿ ಬೆಣಚು ಇರುತ್ತದೆ. ಅದರ ನಯವಾದ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಕಲ್ಲು ಕುಟ್ಟುವವರಿಗೆ ಸಿಲಿಕೋಸಿಸ್ ಕಾಯಿಲೆ ಬರುವುದು ಅದರಿಂದಲೇ. ನಾಲ್ಕು ತೂತಿಗೆ ಕಾಯಿಲೆ ಬರುವುದಿಲ್ಲ, ಆದರೂ ಅಭ್ಯಾಸ ಮೊದಲಿಂದಲೇ ಆಗಲಿ. ತೂತಿನ ಕೆಳಗೆ ಒಂದು ಕಾಗದವನ್ನು ಜೇಬಿನ ಹಾಗೆ ಮಡಿಸಿ ಟೇಪಿನಲ್ಲಿ ಅಂಟಿಸಿದರೆ ಅರ್ಧ ಪುಡಿ ಅದರಲ್ಲೇ ಬೀಳುತ್ತದೆ. ಸೆರಗು, ವೇಲು ಬಿಗಿದು ಸಿಕ್ಕಿಸಿ, ಜಡೆಯನ್ನು ಗಂಟು ಹಾಕಿ, ಬಳೆ ತೆಗೆದಿಡಿ. ಕೈಗವಸು ಮಾತ್ರ ಹಾಕಬೇಡಿ. ತಿರುಗುವ ಬಿಟ್ಟಿಗೆ ಬಟ್ಟೆಯ ಗವಸು ಸಿಕ್ಕರೆ ಬೆರಳನ್ನೂ ಎಳೆದುಕೊಳ್ಳುತ್ತದೆ.

ಬ್ಯಾಟರಿ ಡ್ರಿಲ್ ಕೇಳಿದ್ದೀರಿ. ಒಳ್ಳೇದೇ. 12 ವೋಲ್ಟಿನದು ಸ್ಕ್ರೂ ತಿರುಪಲು, ಮರಕ್ಕೆ ತೂತು ಹಾಕಲು ಬಹಳ ಹಿತ. ಎಷ್ಟು ಬಿಗಿಯಾದರೆ ನಿಲ್ಲಬೇಕು ಅಂತ ಮೂತಿಯ ಬಳಿ ಒಂದು ಬಳೆ ಇರುತ್ತದೆ, ಸ್ಕ್ರೂವಿನ ತಲೆ ಹಾಳಾಗುವುದಿಲ್ಲ. ಆದರೆ ನಿಮ್ಮ ಕಲ್ಲಿನ ಗೋಡೆಗೆ ಅದು ಆಗದು. ಮತ್ತೆ, ತಿಂಗಳಿಗೊಮ್ಮೆ ಬಳಸುವವರ ಕೈಯಲ್ಲಿ ಬ್ಯಾಟರಿ ಸುಮ್ನೆ ಕೂತೇ ಮುಪ್ಪಾಗುತ್ತದೆ. ನಾಲ್ಕೈದು ವರ್ಷ ಕಳೆದು ಹೊಸ ಬ್ಯಾಟರಿಯ ಬೆಲೆ ಕೇಳಿದರೆ ಹೊಸ ಡ್ರಿಲ್ಲೇ ಕೊಳ್ಳೋಣ ಅನ್ನಿಸುತ್ತದೆ. ಒಂದು ಕಂಪನಿಯ ಬ್ಯಾಟರಿ ಇನ್ನೊಂದಕ್ಕೆ ಕೂರುವುದೂ ಇಲ್ಲ. ವೈರಿನ ಮೆಷಿನ್ನಿಗೆ ಈ ತಾಪತ್ರಯ ಇಲ್ಲ. ಅದರ ಕಾರ್ಬನ್ ಬ್ರಷ್ (ತಿರುಗುವ ಮೋಟಾರಿಗೆ ಕರೆಂಟ್ ಮುಟ್ಟಿಸುವ ತುಂಡು) ಸವೆದರೆ ನೂರಿನ್ನೂರು ರೂಪಾಯಿಯ ಹೊಸ ಜೋಡಿ ಹಾಕಿದರಾಯಿತು. ಹಾಗಾಗಿ ಬ್ಯಾಟರಿ ಡ್ರಿಲ್ ಎರಡನೇ ವರ್ಷಕ್ಕಿರಲಿ. ಆಗಲೂ ಅರ್ಧ ಚಾರ್ಜಿನಲ್ಲಿಟ್ಟು, ಶೀಟಿನ ಕೆಳಗಿನ ಬಿಸಿಯಲ್ಲಿ ಬಿಡದೆ, ತಣ್ಣಗಿರುವ ಕಪಾಟಿನಲ್ಲಿಡಿ.

ಕೈ ಉಪಕರಣಕ್ಕೆ ಬಂದರೆ ನನಗೆ ಮಾತು ಜಾಸ್ತಿ, ಯಾಕೆಂದರೆ ಮನೆಯ ನೂರು ಕೆಲಸದಲ್ಲಿ ಎಂಬತ್ತು ಇವುಗಳಿಂದಲೇ ಆಗುತ್ತವೆ.

ಮೊದಲು ಸ್ಕ್ರೂಡ್ರೈವರ್. ಅಂಗಡಿಯಲ್ಲಿ ಸ್ಟಾರ್ ಅನ್ನುತ್ತಾರಲ್ಲ, ಆ ಪ್ಲಸ್ ತಲೆಯಲ್ಲಿ ನಂಬರುಗಳಿವೆ. ಮನೆಯ ಹಿಂಜು, ಚಿಲಕ, ಕ್ಲಾಂಪು, ಬೋರ್ಡು, ಬಹುತೇಕ ಎಲ್ಲಾ 2ನೇ ನಂಬರು. ಸಣ್ಣ ಮೂತಿಯದನ್ನು ದೊಡ್ಡ ಸ್ಕ್ರೂವಿಗೆ ಹಾಕಿ ತಿರುಗಿಸಿದರೆ ಜಾರಿ ಜಾರಿ ತಲೆ ಬೋಳಾಗುತ್ತದೆ. ಬೋಳಾದ ಸ್ಕ್ರೂ ತೆಗೆಯುವುದು ತೂತು ಹಾಕುವುದಕ್ಕಿಂತ ಹತ್ತು ಪಟ್ಟು ಕಷ್ಟ. ಆದ್ದರಿಂದ ಬದಲಿಸುವ ಮೂತಿಯ ಅಗ್ಗದ ಸೆಟ್ ಬೇಡ. ಒಳ್ಳೇ ಉಕ್ಕಿನ ಉದ್ದನೆಯ 2ನೇ ನಂಬರ್ ಒಂದು, 1ನೇ ನಂಬರ್ ಒಂದು, ಮೈನಸ್ ಒಂದು ತನ್ನಿ. ನಾಸಿಕ್‌ನ ಟಪಾರಿಯಾದವರ ಕಟಿಂಗ್ ಪ್ಲೇಯರ್, ಸ್ಕ್ರೂಡ್ರೈವರ್ ಊರಿನ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತವೆ. ನನ್ನ ಮೇಜಿನ ಮೇಲೂ ಅವೇ ಇವೆ. ಮೂರೂ ಸೇರಿ 400 ರೂಪಾಯಿ ಒಳಗೇ, ಪ್ಲೇಯರ್ ಇನ್ನೊಂದು 350.

ಅಳತೆ ಟೇಪು 5 ಮೀಟರಿನದು. ಅದರ ತುದಿಯ ಕೊಕ್ಕೆ ಸ್ವಲ್ಪ ಅಲುಗಾಡುತ್ತದೆ. ಬಹಳ ಜನ ಸಡಿಲವಾಗಿದೆ ಅಂತ ಅದನ್ನು ಸುತ್ತಿಗೆಯಲ್ಲಿ ಬಡಿದು ಬಿಗಿ ಮಾಡುತ್ತಾರೆ. ಅದು ಬೇಕೆಂದೇ ಹಾಗೆ ಮಾಡಿರುವುದು. ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದಾಗ ಕೊಕ್ಕೆ ತನ್ನ ದಪ್ಪದಷ್ಟೇ ಹೊರಗೆ ಬರುತ್ತದೆ, ಗೋಡೆಗೆ ಒತ್ತಿ ಅಳೆದಾಗ ಅಷ್ಟೇ ಒಳಗೆ ಹೋಗುತ್ತದೆ. ಎರಡೂ ಕಡೆ ಅಳತೆ ಸರಿ ಬರಲಿ ಅಂತ.

ರಸಮಟ್ಟ (ಸ್ಪಿರಿಟ್ ಲೆವೆಲ್) 12 ಇಂಚಿನದು ಸಾಕು. ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಗಾಜಿನ ಕೌಂಟರಿನ ಮೇಲಿಟ್ಟು ಗುಳ್ಳೆ ಎಲ್ಲಿದೆ ನೋಡಿ, ಆಮೇಲೆ ಅದೇ ಜಾಗದಲ್ಲಿ ಹಿಂದುಮುಂದಾಗಿ ತಿರುಗಿಸಿಡಿ. ಗುಳ್ಳೆ ಕೌಂಟರಿನ ಅದೇ ಪಕ್ಕಕ್ಕೆ, ಅಷ್ಟೇ ದೂರದಲ್ಲಿ ನಿಂತರೆ ರಸಮಟ್ಟ ಸರಿ. ಕೌಂಟರು ಸೊಟ್ಟಗಿದ್ದರೂ ಈ ಪರೀಕ್ಷೆ ಸುಳ್ಳಾಗುವುದಿಲ್ಲ. ಉದ್ದನೆಯ ಕರ್ಟನ್ ರಾಡಿಗೆ ಗಾರೆ ಕೆಲಸದವರ ಹಾಗೆ ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿ ಎರಡೂ ತುದಿಯ ಮಟ್ಟ ಗುರುತು ಮಾಡಿ. ಅದಕ್ಕಿಂತ ನಿಖರವಾದದ್ದು ಸಾವಿರ ರೂಪಾಯಿಗೂ ಸಿಗದು.

ಅರ್ಧ ಕೆ.ಜಿ.ಯ ಸುತ್ತಿಗೆ, ಹಿಂದೆ ಮೊಳೆ ಕೀಳುವ ಕವಲು ಇರುವುದು. ಹ್ಯಾಕ್ಸಾ ಫ್ರೇಮು, ಇಂಚಿಗೆ 24 ಹಲ್ಲಿನ ಬ್ಲೇಡು, ಹಲ್ಲು ಮುಂದಕ್ಕೆ ಮುಖ ಮಾಡಿರಬೇಕು. ಒಂದು ಕಟರ್ ಚಾಕು. ಇವುಗಳ ಬಗ್ಗೆ ಹೇಳುವುದು ಇಷ್ಟೇ.

ನಲ್ಲಿಗೆ 10 ಇಂಚಿನ ಸ್ಕ್ರೂ ಸ್ಪ್ಯಾನರ್ ಬೇಕು. ತಿರುಗಿಸುವಾಗ ಅಲುಗುವ ದವಡೆ ನೀವು ತಿರುಗಿಸುವ ದಿಕ್ಕಿನ ಕಡೆಗೆ ಇರಲಿ, ಭಾರ ಗಟ್ಟಿ ದವಡೆಯ ಮೇಲೆ ಬೀಳುತ್ತದೆ, ನಟ್ಟಿನ ಮೂಲೆ ಸವೆಯುವುದಿಲ್ಲ. ಬೋರ್‌ವೆಲ್ ನೀರಿದ್ದರೆ ನಲ್ಲಿಯ ಬಾಯಿಗೆ, ಶವರಿಗೆ ಬಿಳಿ ಪೊರೆ ಕಟ್ಟಿರುತ್ತದೆ. ಎಷ್ಟೋ ಸಲ ನಲ್ಲಿ ಕೆಟ್ಟಿರುವುದೇ ಇಲ್ಲ. ಬಾಯಿಯ ಜಾಲರಿ ಬಿಚ್ಚಿ ರಾತ್ರಿ ನಿಂಬೆ ರಸದಲ್ಲಿ ನೆನೆಸಿದರೆ ಬೆಳಿಗ್ಗೆ ಪೊರೆ ಬಿಡುತ್ತದೆ. ಹೊಸ ನಲ್ಲಿ ಹಾಕುವಾಗ ಟೆಫ್ಲಾನ್ ಟೇಪನ್ನು ನಲ್ಲಿಯ ಮರೆಯ (ತಿರುಪಿನ ಸುತ್ತು ಇರುವ) ತುದಿ ನಿಮ್ಮ ಕಡೆ ಇರುವಂತೆ ಹಿಡಿದು ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತಿ. ಉಲ್ಟಾ ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ.

ಉಜ್ಜುವ ಬಾಗಿಲಿಗೆ ಅಂತ ಮರ ಹೆರೆಯುವ ತೋಪಡ ತರಲು ಹೊರಡಬೇಡಿ. ಮೊದಲು ಹಿಂಜಿನ ಸ್ಕ್ರೂ ನೋಡಿ. ಮೇಲಿನ ಹಿಂಜು ಸಡಿಲವಾದರೆ ಬಾಗಿಲು ಮುಂದಕ್ಕೆ ವಾಲಿ ಕೆಳಗಿನ ಮೂಲೆ ನೆಲಕ್ಕೆ ತಾಗುತ್ತದೆ. ಸ್ಕ್ರೂ ತಿರುಗಿಸಿದರೆ ಸುಮ್ನೆ ಸುತ್ತುತ್ತಿದೆಯಾ? ಬಿಚ್ಚಿ, ಉರಿದು ಉಳಿದ ಊದುಬತ್ತಿ ಕಡ್ಡಿ ನಾಲ್ಕೈದಕ್ಕೆ ಫೆವಿಕಾಲ್ ಹಚ್ಚಿ ತೂತಿಗೆ ತುರುಕಿ ಮುರಿಯಿರಿ. ಅವು ಬಿದಿರು, ಗಟ್ಟಿಯಾಗಿ ಹಿಡಿಯುತ್ತವೆ. ಮಾರನೇ ದಿನ ಅದೇ ಸ್ಕ್ರೂ ಬಿಗಿಯಿರಿ. ಪೂಜೆ ಮಾಡುವ ಮನೆಯಲ್ಲಿ ಆ ಕಡ್ಡಿಗೆ ಬರವಿಲ್ಲ ಅಲ್ವಾ. ಮಳೆಗಾಲದಲ್ಲಿ ಮಾತ್ರ ಉಜ್ಜುತ್ತದೆ ಅಂದರೆ ಮರ ನೀರು ಕುಡಿದು ಉಬ್ಬಿದೆ. ಆಷಾಢದಲ್ಲಿ ಕೆತ್ತಿಸಿದರೆ ಬೇಸಿಗೆಯಲ್ಲಿ ಸಂದು ಬಿಡುತ್ತದೆ. ದೀಪಾವಳಿ ಕಳೆಯಲಿ, ಆಗಲೂ ಉಜ್ಜಿದರೆ ತಾಗುವ ಜಾಗಕ್ಕೆ ಸೀಮೆಸುಣ್ಣ ಹಚ್ಚಿ ಗುರುತು ಹಿಡಿದು, ಅಷ್ಟನ್ನು ಮಾತ್ರ ಉಪ್ಪು ಕಾಗದದಲ್ಲಿ ಉಜ್ಜಿ.

ಮರ ಕೊಯ್ಯುವ ಮೆಷಿನ್ ಬೇಡ. ಶೆಲ್ಫಿಗೆ ಪ್ಲೈವುಡ್ ಕೊಳ್ಳುವಾಗ ಅಳತೆ ಬರೆದುಕೊಂಡು ಹೋಗಿ, ಕೊಯ್ದು ಕೊಡುವ ಅಂಗಡಿಯಲ್ಲೇ ಕೊಯ್ಯಿಸಿ. ಅವರ ದೊಡ್ಡ ಮೆಷಿನ್ನಿನ ನೇರ ಅಂಚು ನಿಮ್ಮ ಕೈಗೂ ಬರದು, ನನ್ನ ಕೈಗೂ ಬರದು. ಮುಂದೆ ಆಸೆ ಬೆಳೆದರೆ ಜಿಗ್‌ಸಾ, ಅಂದರೆ ಸಣ್ಣ ಬ್ಲೇಡು ಮೇಲೆ ಕೆಳಗೆ ಆಡುವ ಕೈ ಗರಗಸದ ಮೆಷಿನ್, ಯೋಚಿಸಿ. ಅದರ ಬ್ಲೇಡು ಮೇಲಕ್ಕೆ ಹೋಗುವಾಗ ಕೊಯ್ಯುತ್ತದೆ, ಮೇಲಿನ ಮುಖದಲ್ಲಿ ಸಿಬಿರು ಏಳುತ್ತದೆ. ಆದ್ದರಿಂದ ಚೆಂದದ ಮುಖ ಕೆಳಗಿರಲಿ.

ನಾಲ್ಕು ಇಂಚಿನ ಆಂಗಲ್ ಗ್ರೈಂಡರ್ ಅಗ್ಗ, ಎಲ್ಲಕ್ಕೂ ಆಗುತ್ತೆ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ದಯವಿಟ್ಟು ಬೇಡ. ಅದರ ಬಿಲ್ಲೆ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅಂಚಿನ ವೇಗ ಗಂಟೆಗೆ 200 ಕಿ.ಮೀ. ದಾಟುತ್ತದೆ. ಅದಕ್ಕೆ ಮರ ಕೊಯ್ಯುವ ಹಲ್ಲಿನ ಬ್ಲೇಡು ಹಾಕಿ, ಗಾರ್ಡ್ ತೆಗೆದು ಕೆಲಸ ಮಾಡುವವರನ್ನು ನೋಡಿರುತ್ತೀರಿ. ಹಲ್ಲು ಮರದಲ್ಲಿ ಕಚ್ಚಿಕೊಂಡ ಕ್ಷಣ ಇಡೀ ಮೆಷಿನ್ ಹಿಂದಕ್ಕೆ ಎಗರುತ್ತದೆ. ನನ್ನ ಬಳಿ ಕೆಲಸ ಕಲಿತ ಹುಡುಗನೊಬ್ಬ ಆಮೇಲೆ ಬೇರೆ ಕಡೆ ಸೇರಿ ಹೀಗೇ ಎಡಗೈಯ ಎರಡು ಬೆರಳು ಕಳೆದುಕೊಂಡ. ಅವನು ಆ ಕೈಯಲ್ಲಿ ಟೀ ಲೋಟ ಹಿಡಿಯುವುದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಗ್ರೈಂಡರಿನ ಕೆಲಸ ಬಂದಾಗ ಬಲ್ಲವರನ್ನು ಕರೆಯಿರಿ. ಆ 500 ರೂಪಾಯಿ ವ್ಯರ್ಥವಲ್ಲ.

ಲೆಕ್ಕ ಹಾಕಿದರೆ ರೋಟರಿ ಹ್ಯಾಮರ್, ಬಿಟ್ಟು, ಕೈ ಉಪಕರಣ, ಟೆಸ್ಟರ್, ಕನ್ನಡಕ, ಮಾಸ್ಕ್, ಪ್ಲಗ್ಗು, ಸ್ಕ್ರೂ ಎಲ್ಲಾ ಸೇರಿ 9,000ದ ಆಚೀಚೆ ಬರುತ್ತದೆ. ಉಳಿದದ್ದು ಮುಂದಿನ ಬಿಟ್ಟುಗಳಿಗೆ ಇಟ್ಟುಕೊಳ್ಳಿ. ಮೆಷಿನ್ನನ್ನು ಮಂಡ್ಯದ ಪೇಟೆ ಬೀದಿಯಲ್ಲೋ ಇಲ್ಲಿ ಶಿವರಾಂಪೇಟೆಯಲ್ಲೋ ಕೈಯಲ್ಲಿ ಹಿಡಿದು ನೋಡಿ ಕೊಳ್ಳಿ. ಬಿಲ್ಲು ತಗೊಳ್ಳಿ. ಇದರ ಕಾರ್ಬನ್ ಬ್ರಷ್ ನಿಮ್ಮಲ್ಲೇ ಸಿಗುತ್ತಾ ಅಂತ ಕೇಳಿ, ಇಲ್ಲ ಅಂದರೆ ಆ ಮಾಡೆಲ್ ಬಿಟ್ಟುಬಿಡಿ.

ಇಟ್ಟುಕೊಳ್ಳುವುದು ಹೇಗೆ ಅಂದರೆ, ಬಿಟ್ಟಿನ ಹಿಡಿಗೆ ಪ್ರತಿ ಸಲ ಚೂರು ಗ್ರೀಸು ಹಚ್ಚಿ. ಕೆಲಸ ಮುಗಿದ ಮೇಲೆ ಗಾಳಿ ಹೋಗುವ ಸಂದಿನ ಧೂಳನ್ನು ಬ್ರಷ್ಷಿನಲ್ಲಿ ಒರೆಸಿ. ಆಯುಧಪೂಜೆಗೆ ಅರಿಸಿನ ಕುಂಕುಮ ಹಚ್ಚುತ್ತೀರಿ, ಹಚ್ಚಲೇಬೇಕು. ಮಾರನೇ ದಿನ ವಿಸರ್ಜನೆ ಆದ ಮೇಲೆ ಎಣ್ಣೆ ಬಟ್ಟೆಯಲ್ಲಿ ಒರೆಸಿಡಿ. ದಸರಾ ಮುಗಿದ ಮೇಲಿನ ವಾರ ನನ್ನ ಹತ್ತಿರ ಬರುವ ಚಕ್ಕುಗಳಲ್ಲಿ ಒದ್ದೆ ಕುಂಕುಮ ಒಣಗಿ ತುಕ್ಕು ಹಿಡಿದಿರುತ್ತದೆ.

ಶುರು ಮಾಡುವಾಗ ಮೊದಲ ವಾರ ಬಾಗಿಲ ಹಿಂಜು, ನಲ್ಲಿ. ಕೈ ಪಳಗಲಿ. ಆಮೇಲೆ ಹಿಂದಿನ ಕೋಣೆಯಲ್ಲಿ ಬೀರುವಿನ ಹಿಂದೆ ಮರೆಯಾಗುವ ಜಾಗದಲ್ಲಿ, ಬ್ಲಾಕಿನ ಗೋಡೆಗೆ, 6 ಮಿ.ಮೀ. ತೂತು ಎರಡು ಹಾಕಿ ಪ್ಲಗ್ಗು ಕೂರಿಸಿ ಸ್ಕ್ರೂ ಬಿಗಿದು ಎಳೆದು ನೋಡಿ. ಗೋಡೆ ನಾಲ್ಕು ಇಂಚಿನದಾದರೆ ಆಳ ಹೋಗಬೇಡಿ, ಆಚೆ ಕಡೆಯ ಪ್ಲಾಸ್ಟರ್ ಉದುರುತ್ತದೆ. ಕಲ್ಲಿಗೆ ಕೈ ಹಾಕುವುದು ಅದಾದ ಮೇಲೆ. ಮುಂಬಾಗಿಲ ಮೇಲೆ ಅಡ್ಡ ಕೂರಿಸಿದ ಉದ್ದನೆಯ ಕಲ್ಲಿದ್ದರೆ ಅದನ್ನು ಮಾತ್ರ ಮುಟ್ಟಬೇಡಿ. ಮೇಲಿನ ಗೋಡೆಯ ಭಾರ ಅದರ ಮೇಲಿದೆ, ಬಡಿತಕ್ಕೆ ಬಿರುಕು ಬಿಡಬಹುದು. ಹಬ್ಬದ ತೋರಣಕ್ಕೆ ಬಾಗಿಲ ಚೌಕಟ್ಟಿನ ಮರಕ್ಕೆ ಎರಡು ಸಣ್ಣ ಹುಕ್ಕು ಸಾಕು. ಮೊಳೆಯಿಂದ ಚುಚ್ಚಿ ಗುರುತು ಮಾಡಿ, ಹುಕ್ಕಿನ ಮರೆಗೆ ಸ್ವಲ್ಪ ಸೋಪು ಸವರಿ, ಕೈಯಲ್ಲೇ ತಿರುಪಬಹುದು.